ಮಡಿಕೆಯಿಲ್ಲದ ಓಟು

ಚಂಡಮಾರುತ ಸಂಜೆಯೊಳಗೆ ತೈವಾನಿನ ಪಡುವಣ ತೀರಕ್ಕೆ ಬಡಿಯುತ್ತದೆಂದು ರೇಡಿಯೊ ಬೆಳಗಿನಿಂದ ಬಡಿದುಕೊಳ್ಳುತ್ತಿತ್ತು. ಮೇಯುನ್ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ವ್ಯಾನು ಓಡಿಸುವವನು, ಹೋಗೋಣ ಎಂದರೆ ಹೋಗುವವನು. ಅವಳು ವಿಶ್ವವಿದ್ಯಾಲಯದವಳು. ಊರೂರಿನ ಕಚೇರಿಗಳಲ್ಲಿ ಕಟ್ಟುಕಟ್ಟಾಗಿ ಬಿದ್ದಿರುವ ಹಳೆಯ ಚುನಾವಣೆಗಳ ಫಲಿತಾಂಶವನ್ನು, ಅಂದರೆ ಯಾವ ಹಳ್ಳಿಯ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಓಟು ಬಿತ್ತು ಎಂಬುದನ್ನು, ಹುಡುಕಿ ತೆಗೆದು ಕಂಪ್ಯೂಟರಿಗೆ ತುಂಬುವುದು ಅವಳ ಕೆಲಸ. ಮುಂದೆ ಓದಿದವರು ಅದನ್ನು ನೋಡಿ ಯಾವ ಊರು ಯಾವ ಕಾಲದಲ್ಲಿ ಏನು ಯೋಚಿಸಿತ್ತು ಎಂದು ಪುಸ್ತಕ ಬರೆಯುತ್ತಾರಂತೆ.

ತಿಂಗ್‌ಕಾಂಗ್ ಹಳ್ಳಿಯ ಹತ್ತಿರ ಬರುವಷ್ಟರಲ್ಲಿ ಸಮುದ್ರದ ನೀರು ರಸ್ತೆಗೆ ಹತ್ತಿತು. ವ್ಯಾನನ್ನು ಕಡಲು ಕಾಯುವ ಮಾಜು ದೇವಿಯ ಗುಡಿಯ ಮಗ್ಗುಲಿಗೆ ನಿಲ್ಲಿಸಿ ಒಳಗೆ ಓಡಿದೆವು. ಒಳಗೆ ಆಗಲೇ ಅರ್ಧ ಊರು ಸೇರಿತ್ತು. ಬಿರುಗಾಳಿಗೆ ಮುಂಚೆ ಸಮುದ್ರದಿಂದ ಕಿತ್ತು ತಂದ ಸಿಂಪಿಗಳನ್ನು ರಾಶಿ ಹಾಕಿಕೊಂಡು ಹೆಂಗಸರು ಚಾಕುವಿನಿಂದ ಒಡೆದು ಒಳಗಿನ ಮಾಂಸ ತೆಗೆಯುತ್ತಿದ್ದರು. ಯಾರೋ ನಮ್ಮಿಬ್ಬರಿಗೂ ಬಿಸಿ ಶಾವಿಗೆ ಬಟ್ಟಲು ಕೊಟ್ಟರು. ಕರೆಂಟು ಹೋಯಿತು; ದೇವಿಯ ಮುಂದಿನ ಕೆಂಪು ಮೇಣದ ಬತ್ತಿಗಳಷ್ಟೇ ಉಳಿದವು.

ಮೇಯುನ್ ಸುಮ್ಮನೆ ಕೂರುವವಳಲ್ಲ. ಲ್ಯಾಪ್‌ಟಾಪ್ ತೆರೆದು, ಬೆಳಿಗ್ಗೆ ಪಟ್ಟಣದ ಕಚೇರಿಯಲ್ಲಿ ತೆಗೆದುಕೊಂಡ ಹಳೆಯ ಕಾಗದಗಳ ಚಿತ್ರಗಳನ್ನು ನೋಡಿ ಬಾಯಲ್ಲಿ ಹೇಳಿಕೊಳ್ಳುತ್ತ ಅಂಕಿ ತುಂಬತೊಡಗಿದಳು. ಮಿಲಿಟರಿ ಕಾನೂನಿನ ಕಾಲದ ಒಂದು ಪಟ್ಟಣಾಧ್ಯಕ್ಷ ಚುನಾವಣೆ ಅದು. “ತಿಂಗ್‌ಕಾಂಗ್... ಅರೆ, ಇದೇ ಊರು! ಡಾಕ್ಟರ್ ಲ್ಯಾವ್, ಸೊನ್ನೆ.”

ಚಾಕುಗಳ ಸದ್ದು ಒಮ್ಮೆಲೇ ನಿಂತಿತು.

ಎಲ್ಲರೂ ಕಂಬಕ್ಕೊರಗಿ ಕೂತಿದ್ದ ಮುದುಕಿಯ ಕಡೆ ತಿರುಗಿದರು. ಸುಯಿಲಿಯಾನ್ ಅಜ್ಜಿ. ಎಂಬತ್ತು ದಾಟಿದೆ, ಕೈಯಲ್ಲಿ ಚಾಕು ಇನ್ನೂ ನಡುಗುವುದಿಲ್ಲ.

“ಇನ್ನೊಂದ್ಸಲ ಓದು ಮಗಳೇ,” ಎಂದಳು ಅಜ್ಜಿ.

“ಸೊನ್ನೆ ಅಜ್ಜಿ. ಕಾಗದದಲ್ಲಿ ಹಾಗೇ ಇದೆ.”

“ಅದನ್ನ ಆ ಡಬ್ಬಿಗೆ ಹಾಕಿದ್ರೆ ಎಷ್ಟು ಕಾಲ ಇರತ್ತೆ?”

“ಯಾವಾಗಲೂ ಇರತ್ತೆ.”

“ಅಂದ್ರೆ, ತಿಂಗ್‌ಕಾಂಗಿನವರು ಒಬ್ಬರೂ ಬಿಡದಂಗೆ ಬಾಲ ಮುದುರಿಕೊಂಡು ಐಸ್ ಕಾರ್ಖಾನೆ ಯಜಮಾನ ಕೂ ಅನ್ನೋನಿಗೆ ಓಟು ಒತ್ತಿದ್ರು ಅಂತ, ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ ಓದ್ಬೇಕು. ಅಲ್ವಾ?”

ಪಕ್ಕದಲ್ಲಿದ್ದ, ಸಿಂಪಿ ಕೀಳುವ ಆ-ಖುನ್ ಎಂಬವನು ಕಿಸಕ್ಕನೆ ನಕ್ಕ. “ಸಿಕ್ಕಾಕೊಂಡ್ರಿ ಮೇಡಂ. ಇನ್ನು ಕತೆ ಕೇಳ್ದೆ ಬಿಡಲ್ಲ ಇವಳು.”

“ನಿನಗೇನೋ ಅವಸರ? ಹೊರಗೆ ಹೋಗಿ ಗಾಳೀಲಿ ಹಾರ್ತೀಯಾ? ಕೂತ್ಕೊ,” ಎಂದಳು ಅಜ್ಜಿ. ಸಿಂಪಿಯ ಬುಟ್ಟಿಯನ್ನು ಕಾಲಿನಿಂದ ಆಚೆ ತಳ್ಳಿದಳು. ನಾವು ಹತ್ತಿರ ಸರಿದೆವು. ಆಮೇಲೆ ಅವಳು ಹೇಳಿದ್ದು ಇಷ್ಟು.

“ಕೇಳಿ... ಥಿಯಾನ್‌ಫಾ ಅಂತ ನನ್ನ ಭಾವ ಇದ್ದ, ನನ್ನ ಗಂಡನ ಅಣ್ಣ. ಮೀನು ಮಾರೋನು. ಅವನ ಗಂಟಲು ಎಂಥದ್ದು ಅಂತೀರಾ? ದಿಬ್ಬದ ಮೇಲೆ ನಿಂತು ‘ಮೀನೋ’ ಅಂದ್ರೆ ಪಕ್ಕದೂರಲ್ಲಿ ಬೆಕ್ಕು ಎದ್ದು ಕೂರೋದು. ಅದಕ್ಕೇ ಎಣಿಕೆ ದಿನ ಓಟು ಕೂಗೋ ಕೆಲಸಕ್ಕೆ ಅವನನ್ನೇ ಹಾಕ್ತಿದ್ರು. ಪೆಟ್ಟಿಗೆಯಿಂದ ಒಂದೊಂದೇ ಓಟು ತೆಗೀಬೇಕು, ಎತ್ತಿ ನಾಲ್ಕೂ ಕಡೆ ತೋರಿಸ್ಬೇಕು, ಹೆಸರು ಕೂಗ್ಬೇಕು. ಗೋಡೆ ಹತ್ರ ನಿಂತ ಮೇಷ್ಟ್ರು ಒಂದು ಗೆರೆ ಎಳೀಬೇಕು. ಊರೆಲ್ಲಾ ನಿಂತು ನೋಡೋದು. ಇದೇ ಅಂಗಳ, ಹೊರಗೆ ಈಗ ನೀರು ನಿಂತಿದೆಯಲ್ಲ, ಅದೇ.

“ಆ ವರ್ಷ ಡಾಕ್ಟರ್ ಲ್ಯಾವ್ ನಿಂತಿದ್ರು. ದುಡ್ಡಿಲ್ಲದವರಿಗೂ ಹೆರಿಗೆ ಮಾಡಿಸೋರು, ಪಾಪ. ಎದುರಿಗೆ ಐಸ್ ಕಾರ್ಖಾನೆ ಕೂ, ಅವನ ಹಿಂದೆ ಆಳೋ ಪಕ್ಷ, ಅದರ ಹಿಂದೆ ಪೊಲೀಸು. ಆದ್ರೂ ನಮ್ಮೋರು ಹೆದರಿದ್ರಾ? ನಾನು ಹೊಸದಾಗಿ ಮದುವೆ ಆಗಿ ಬಂದೋಳು, ಕೈ ಬೀಸ್ಕೊಂಡು ಹೋಗಿ ಓಟು ಒತ್ತಿ ಬಂದೆ. ಎಣಿಕೆ ಶುರುವಾಯ್ತು... ಲ್ಯಾವ್, ಲ್ಯಾವ್, ಕೂ, ಲ್ಯಾವ್, ಲ್ಯಾವ್... ಮೇಷ್ಟ್ರ ಕೈ ಸೋತೋಯ್ತು ಗೆರೆ ಎಳೆದೂ ಎಳೆದೂ. ಕೂ ಕಡೆಯವರ ಮುಖ ಹಳಸಿದ ಮೀನಿನ ಥರ ಆಗಿತ್ತು. ಆಗ... ದೀಪ ಹೋಯ್ತು.

“ಅಂಗಳದ ದೀಪ ಮಾತ್ರ. ಐಸ್ ಕಾರ್ಖಾನೆ ದೀಪ ಧಗಧಗ ಅಂತ ಉರೀತಾನೇ ಇತ್ತು! ಕತ್ತಲಲ್ಲಿ ತಳ್ಳಾಟ, ಬೂಟಿನ ಸದ್ದು, ಕಾಗದ ಹರಿದ ಸದ್ದು. ದೀಪ ಬಂದಾಗ ಗೋಡೆ ಮೇಲಿದ್ದ ಗೆರೆ ಹಾಳೆ ಇಲ್ಲ, ಎಣಿಸಿಟ್ಟ ಓಟುಗಳೂ ಇಲ್ಲ. ಪೆಟ್ಟಿಗೆ ಮಾತ್ರ ಇದ್ದಲ್ಲೇ ಇದೆ. ‘ಗಲಾಟೆ ಆಗಿದೆ, ಮೊದಲಿಂದ ಎಣಿಸು’ ಅಂದ ಪೊಲೀಸಿನವನು. ಭಾವ ಒಳಗೆ ಕೈ ಹಾಕ್ದ. ಒಂದು ಓಟು ತೆಗೆದ. ಬೆರಳಲ್ಲಿ ಉಜ್ಜಿ ನೋಡ್ದ... ಎತ್ತಿ ನಾಲ್ಕೂ ಕಡೆ ತೋರಿಸ್ದ. ಏನು ಕೂಗಿದ ಗೊತ್ತಾ?

“‘ಮಡಿಕೆ ಇಲ್ಲ!’

“ತಿಳೀತಾ ಮಗಳೇ? ಓಟು ಒತ್ತಿದ ಮೇಲೆ ಮಡಚದೆ ಯಾರು ಹಾಕ್ತಾರೆ? ಪಕ್ಕದಲ್ಲಿರೋನು ನೋಡಬಾರದು ಅಂತ ನಾವೆಲ್ಲಾ ಎರಡು ಮಡಿಕೆ ಹಾಕಿ, ಉಗುರಲ್ಲಿ ತೀಡಿ ಹಾಕ್ತೀವಿ. ಕಳ್ಳರು ಮನೇಲಿ ಕೂತು ಕಟ್ಟುಗಟ್ಟಲೆ ಮುದ್ರೆ ಒತ್ತಿದ್ರು, ಮಡಚೋದೊಂದು ಮರೆತಿದ್ರು! ಭಾವ ಇನ್ನೊಂದು ತೆಗೆದ. ‘ಮಡಿಕೆ ಇಲ್ಲ!’ ಮತ್ತೊಂದು. ‘ಮಡಿಕೆ ಇಲ್ಲ!’ ಮೇಷ್ಟ್ರು ಗೆರೆ ಎಲ್ಲಿ ಎಳೀಬೇಕು ಅಂತ ತಿಳೀದೆ ನಿಂತುಬಿಟ್ರು. ಪೊಲೀಸಿನವನು ಬಂದು ‘ಹೆಸರು ಕೂಗೋ’ ಅಂದ. ‘ಕಂಡಿದ್ದನ್ನ ಕೂಗೋದು ನನ್ನ ಕೆಲಸ ಸಾಹೇಬ್ರೆ, ನನಗೆ ಕಾಣ್ತಿರೋದು ಇಷ್ಟೇ’ ಅಂದ ನಮ್ಮ ಭಾವ. ಜನ ನಗೋಕೆ ಶುರು ಮಾಡಿದ್ರು. ಜನ ನಕ್ರೆ ಪೊಲೀಸಿನವರಿಗೆ ತಡೆಯಲ್ಲ ನೋಡಿ, ಕಲ್ಲು ಹೊಡೆದ್ರೂ ತಡ್ಕೊಂಡಾರು. ಭಾವನ್ನ ಜೀಪಿಗೆ ಎಳೆದು ಹಾಕಿದ್ರು. ಜೀಪು ಕಡಲ ದಂಡೆ ಏರಿ ಮೇಲೆ ಹೋಗ್ತಾ ಇದ್ರೂ ಕೂಗು ಕೇಳ್ತಿತ್ತು... ಮಡಿಕೆ ಇಲ್ಲ... ಮಡಿಕೆ ಇಲ್ಲ... ಆಮೇಲೆ ಕೇಳಲಿಲ್ಲ.

“ಅವನು ವಾಪಸ್ ಬರ್ಲಿಲ್ಲ. ಕತ್ತಲಲ್ಲಿ ಅವರು ಬದಲಾಯಿಸಿ ಒಯ್ದ ನಮ್ಮ ನಿಜವಾದ ಪೆಟ್ಟಿಗೆಯೂ ಬರ್ಲಿಲ್ಲ. ಇಬ್ಬರನ್ನೂ, ಅವನನ್ನೂ ಪೆಟ್ಟಿಗೇನೂ, ಸಮುದ್ರದಲ್ಲಿ ಒಂದೇ ಕಡೆ ಮುಳುಗಿಸಿದ್ರು ಅಂತ ಜೀಪಿನ ಡ್ರೈವರು ಸಾಯೋವಾಗ ಹೇಳ್ದ. ಕೂ ಗೆದ್ದ. ನೀನು ಓದಿದ್ಯಲ್ಲ, ಆ ಸೊನ್ನೆ, ಅದು ಆ ರಾತ್ರಿ ಹುಟ್ಟಿದ್ದು.

“ಸರಿ, ಮುಂದಿನ ಚುನಾವಣೆ ಬಂತು. ಮತ್ತೆ ಇದೇ ಅಂಗಳ, ಮತ್ತೆ ಕೂ. ಈ ಸಲ ಕೂಗೋಕೆ ಹೊರಗಿನವನನ್ನ ಕರ್ಕೊಂಡು ಬಂದಿದ್ರು, ಸಣ್ಣ ಗಂಟಲಿನ ಗುಮಾಸ್ತ. ಕಳ್ಳರೂ ಬುದ್ಧಿ ಕಲಿತಿದ್ರು, ಕಟ್ಟುಗಳನ್ನ ಈ ಸಲ ಒಂದೂ ಬಿಡದೆ ಮಡಚಿ ತಂದಿದ್ರು. ಮತ್ತೆ ದೀಪ ಹೋಯ್ತು. ಕತ್ತಲಾಗಿದ್ದೇ ತಡ... ಉಪ್ಪುನೀರಿನ ವಾಸನೆ. ಹತ್ತಿರದಲ್ಲೇ, ನನ್ನ ಭುಜದ ಪಕ್ಕದಲ್ಲೇ, ಯಾರೋ ಒದ್ದೆ ಬಟ್ಟೇಲಿ ಹಾದುಹೋದಂಗೆ. ದೀಪ ಬಂತು. ಗುಮಾಸ್ತ ಪೆಟ್ಟಿಗೆಗೆ ಕೈ ಹಾಕಿ ಒಂದು ಓಟು ತೆಗೆದ. ಕಾಗದ ತೊಯ್ದು ತೊಟ್ಟಿಕ್ತಾ ಇತ್ತು. ಮಡಿಕೆ? ಎಲ್ಲಿಯ ಮಡಿಕೆ! ಇಸ್ತ್ರಿ ಹಾಕಿದಂಗೆ ಚಪ್ಪಟೆ. ಯಾರೋ ಕತ್ತಲಲ್ಲಿ ಕೂತು ಒಂದೊಂದನ್ನೂ ಬಿಡಿಸಿ, ತೀಡಿ ಇಟ್ಟಂಗೆ. ಗುಮಾಸ್ತ ಬಾಯಿ ತೆರೆದ. ಬಂದದ್ದು ಅವನ ದನಿ ಅಲ್ಲ... ಪಕ್ಕದೂರಿನ ಬೆಕ್ಕು ಎಬ್ಬಿಸೋ ದನಿ.

“‘ಮಡಿಕೆ ಇಲ್ಲ!’

“ನೀವಾಗಿದ್ರೆ ಏನ್ಮಾಡ್ತಿದ್ರಿ? ಓಡ್ತಿದ್ರಿ. ಪೊಲೀಸಿನವರು ಓಡಿದ್ರು, ಕೂ ಚಪ್ಪಲಿ ಬಿಟ್ಟು ಓಡ್ದ. ನಾವು ಓಡ್ಲಿಲ್ಲ. ನಮ್ಮ ಅತ್ತೆ, ಭಾವನ್ನ ಹೆತ್ತೋಳು, ಮುಂದೆ ಹೋಗಿ ಆ ಗುಮಾಸ್ತನ ಮುಖ ನೋಡಿ ‘ಬಂದ್ಯಾ? ಚೆನ್ನಾಗಿ ಕೂಗು’ ಅಂದ್ಲು. ನಾವೆಲ್ಲಾ ಕೈಕೈ ಹಿಡ್ಕೊಂಡು ಸುತ್ತ ನಿಂತ್ವಿ. ಹೆಂಗಸರ ಸಾಲು ಮುಂದೆ, ಕೈಯಲ್ಲಿ ಇದೇ ಸಿಂಪಿ ಚಾಕು. ಆ ಸಲದ ನಿಜವಾದ ಪೆಟ್ಟಿಗೆ ಐಸ್ ಗಾಡಿ ಕೆಳಗೆ ಸಿಕ್ಕಿತು. ಆವತ್ತಿನ ಎಣಿಕೆ ಮುಗೀತು, ಕೂ ಸೋತ.

“ಆಮೇಲೆ ಕೂ ಮಂತ್ರವಾದಿ ಕಳಿಸ್ದ, ದೆವ್ವ ಬಿಡಿಸ್ತೀನಿ ಅಂತ. ನಾವು ‘ದೇವೀನ ಕೇಳೋಣ’ ಅಂದ್ವಿ. ಇದೇ ದೇವಿ ಮುಂದೆ ಅರ್ಧಚಂದ್ರದ ಎರಡು ಮರದ ತುಂಡು ಎಸೆದ್ವಿ, ಅವು ಬೀಳೋ ರೀತೀಲೇ ದೇವಿ ಉತ್ತರ. ಬೇಡ ಅಂತ ಬಿತ್ತು. ಮತ್ತೆ ಎಸೆದ್ವಿ, ಬೇಡ. ಮಂತ್ರವಾದಿ ತಾನೇ ಎಸೆದ, ಒಂದು ತುಂಡು ಎರಡಾಯ್ತು. ಕೋಳಿ ಊಟ ಹಾಕಿ ಬಸ್ಸು ಹತ್ತಿಸಿದ್ವಿ.”

ಹೊರಗೆ ಹೆಂಚೊಂದು ಹಾರಿ ಅಂಗಳದ ನೀರಿಗೆ ಬಿತ್ತು. ಮೇಯುನ್ ಲ್ಯಾಪ್‌ಟಾಪಿನ ಬೆಳಕಿನಲ್ಲಿ ಪೆಚ್ಚಾಗಿ ಕೂತಿದ್ದಳು.

“ಅಜ್ಜಿ, ನಾನು ಅಂಕಿ ಬದಲಾಯಿಸೋ ಹಾಗಿಲ್ಲ. ಕಚೇರಿ ಕಾಗದದಲ್ಲಿ ಇರೋದೇ ಬರೀಬೇಕು.”

“ಬದಲಾಯಿಸು ಅಂದ್ನಾ?” ಅಜ್ಜಿ ಗದರಿದಳು. “ನೀನೂ ಒಂದು ಸುಳ್ಳು ಬರೆದ್ರೆ ನಿನಗೂ ಆ ಕೂ ಅನ್ನೋನಿಗೂ ಏನು ವ್ಯತ್ಯಾಸ? ಅವರ ಸೊನ್ನೆ ಅಲ್ಲೇ ಇರ್ಲಿ, ಎಲ್ಲರೂ ನೋಡ್ಲಿ. ಪಕ್ಕದಲ್ಲಿ ಮಾತು ಬರೆಯೋಕೆ ಜಾಗ ಇದ್ಯಾ?”

“ಷರಾ ಅಂತ ಒಂದು ಮನೆ ಇದೆ. ಎಲ್ಲಾ ಊರಿಗೂ ಖಾಲಿ ಬಿಟ್ಟಿದೀನಿ.”

“ನಮ್ಮೂರಿಗೆ ಬಿಡಬೇಡ. ಎಣಿಕೆ ಮುಗಿದಿಲ್ಲ ಅಂತ ಬರಿ.”

ಮೇಯುನ್ ಷರಾದ ಮನೆಯನ್ನು ತೆರೆದಳು. “ನಮ್ಮ ಪ್ರೊಫೆಸರು ಕೇಳ್ತಾರೆ, ಯಾರು ಹೇಳಿದ್ದು ಅಂತ.”

“ತಿಂಗ್‌ಕಾಂಗ್ ಹೇಳ್ತು ಅನ್ನು. ನಂಬಿಕೆ ಇಲ್ದಿದ್ರೆ ಬರೋಕೆ ಹೇಳು. ಶಾವಿಗೆ ಮಾಡಿ ಹಾಕ್ತೀವಿ.”

ಅವಳು ಬರೆದಳು. ಬರೆದದ್ದನ್ನು ಗಟ್ಟಿಯಾಗಿ ಓದಿದಳು. ಹೆಂಗಸರು ತಲೆಯಾಡಿಸಿ ಮತ್ತೆ ಚಾಕು ಎತ್ತಿಕೊಂಡರು. ನನ್ನ ಬಾಯಿ ಸುಮ್ಮನಿರಲಿಲ್ಲ. “ಆದ್ರೆ ಅಜ್ಜಿ, ಅಷ್ಟು ಹಳೇ ಎಣಿಕೆ... ಮುಗಿದಿಲ್ಲ ಅಂದ್ರೆ ಏನರ್ಥ?” ಎಂದು ಕೇಳಿದೆ.

ಅಜ್ಜಿ ಬಾಗಿಲಾಚೆ ಸಮುದ್ರದ ಕಡೆ ನೋಡಿದಳು.

“ಅರ್ಥ ಏನು ಬಂತು ಡ್ರೈವರಪ್ಪ? ಮುಗಿದಿಲ್ಲ ಅಂದ್ರೆ ಮುಗಿದಿಲ್ಲ. ಸಮುದ್ರ ಇಳಿದಾಗ ಸಿಂಪಿ ಕೀಳೋಕೆ ಹೋಗ್ತೀವಲ್ಲ, ಆಗ ನೀರಿನ ಕೆಳಗಿಂದ ಭಾವನ ಕೂಗು ಕೇಳತ್ತೆ. ಲ್ಯಾವ್... ಲ್ಯಾವ್... ಕೂ... ಲ್ಯಾವ್... ಒಂದೊಂದನ್ನೂ ಎತ್ತಿ, ನಾಲ್ಕೂ ಕಡೆ ತೋರಿಸಿ ಕೂಗ್ತಾನೆ, ಅದಕ್ಕೇ ಇಷ್ಟು ನಿಧಾನ. ಆ-ಖುನ್, ಮೊನ್ನೆ ನೀನು ಕೇಳಿದ್ದು ಹೇಳೋ.”

ಆ-ಖುನ್ ಈಗ ನಗಲಿಲ್ಲ. “ಪೆಟ್ಟಿಗೆ ತಳ ಕೆರೆಯೋ ಸದ್ದು,” ಎಂದ.

“ಹೂಂ... ತಳ ಮುಟ್ಟಿದಾನೆ.” ಅಜ್ಜಿ ಒಂದು ಸಿಂಪಿಯನ್ನು ಎತ್ತಿಕೊಂಡು, ಚಾಕುವಿನ ತುದಿಯನ್ನು ಸಂದಿಗೆ ಇಟ್ಟಳು. “ಎಣಿಕೆ ಮುಗಿದ್ಮೇಲೆ ಕೂಗೋನು ಏನು ಮಾಡ್ಬೇಕು, ನೀನೇ ಹೇಳು ಮಗಳೇ, ನಿನಗೆ ಕಾನೂನು ಗೊತ್ತಲ್ಲ... ಫಲಿತಾಂಶ ತಗೊಂಡು ತಾನೇ ನಡೆದುಕೊಂಡು ಹೋಗಿ ಪಟ್ಟಣದ ಕಚೇರಿಗೆ ಒಪ್ಪಿಸ್ಬೇಕು. ಅಲ್ವಾ?”