ಊಟದ ಮೆಸೇಜು

ಟೈಲರಮ್ಮ ಹೇಳಿದ್ದ ಐದು ನಿಮಿಷ ಮುಗಿಯುವ ಲಕ್ಷಣವೇ ಇರಲಿಲ್ಲ. ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಅಕ್ಕ ತಂಗಿಯರಿಬ್ಬರು ಕೂತಿದ್ದರು. ತಂಗಿಯ ಮಗಳು ವಿದೇಶದ ಹೈಸ್ಕೂಲಿನಿಂದ ನೆಂಟರ ಮದುವೆಗೆಂದು ವಾರದ ರಜೆ ಹಾಕಿ ಬಂದಿದ್ದಳು. ಪರದೆಯ ಹಿಂದೆ ಅವಳ ಅಳತೆ ನಡೆದಿತ್ತು.

"ಸ್ಕೂಲು ಹೇಗಿದೆಯೇ?"

"ಸ್ಕೂಲಿಗೇನಕ್ಕ, ಅರಮನೆ ಇದ್ದ ಹಾಗಿದೆ. ಮೆಸ್ಸಲ್ಲಿ ಕಾರ್ಡು ತೋರಿಸಿದ ತಕ್ಷಣ ನನಗೆ ಮೆಸೇಜ್ ಬರುತ್ತೆ, 'ನಿಮ್ಮ ಮಗಳು ಊಟ ಮಾಡಿದ್ದಾಳೆ' ಅಂತ. ಅದು ಬಂದ ಮೇಲೇ ನಾನು ತಟ್ಟೆ ಹಾಕ್ಕೊಳ್ಳೋದು."

"ಪುಣ್ಯ ಬಿಡು."

"ಮೊನ್ನೆ ಇವಳು ನನ್ನ ಪಕ್ಕದಲ್ಲೇ ಮಲಗಿದ್ಳು. ಆಗಲೂ ಬಂತು."

ಅಕ್ಕ ತಿರುಗಿ ನೋಡಿದರು.

"ಕಾರ್ಡು ಎಲ್ಲಿದೆ?"

"ರೂಮಿನ ಹುಡುಗಿ ಹತ್ರ. ತನ್ನ ಕಾರ್ಡಿನ ಜೊತೆ ಇವಳದ್ದನ್ನೂ ತೋರಿಸ್ತಾಳಂತೆ."

"ಇಲ್ಲಿಗೆ ಬರೋವಾಗ ಕೊಟ್ಟಿರ್ತಾಳೆ."

"ಸೇರಿದ ಮೊದಲನೇ ವಾರವೇ ಕೊಟ್ಟಳಂತೆ. ಎಂಟು ತಿಂಗಳಾಯ್ತು."

"ಮತ್ತೆ ಇವಳು ಏನು ತಿಂತಿದ್ಳು?"

"ಅದನ್ನೇ ಕೇಳಿದೆ. 'ನಿಂಗೆ ಮೆಸೇಜ್ ಬರ್ತಿತ್ತಲ್ಲಮ್ಮ' ಅಂದಳು."

ಪರದೆ ಸರಿಯಿತು. ಟೈಲರಮ್ಮ ಹಳೆಯ ಅಳತೆ ಪುಸ್ತಕದ ಮೇಲೆ ಬೆರಳಿಟ್ಟುಕೊಂಡೇ ಬಂದರು.

"ಸೊಂಟ ನಾಲ್ಕು ಇಂಚು ಇಳಿದಿದೆ. ಒಳಗೆ ಬಟ್ಟೆ ಬಿಟ್ಟೇ ಹೊಲೀತೀನಿ. ಮೈ ತುಂಬಿಕೊಂಡ ಮೇಲೆ ಬಿಚ್ಚಿಸ್ಕೋಬಹುದು."

ಹುಡುಗಿ ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದಳು. ಹಿಂದೆಯೇ ಇವರಿಬ್ಬರೂ ಎದ್ದರು. ಬಾಗಿಲ ಹತ್ತಿರ ತಾಯಿಯ ಕೈಚೀಲದೊಳಗೆ ಫೋನು ಸದ್ದು ಮಾಡಿತು.

"ಏನೇ ಅದು?"

ತಾಯಿ ಫೋನು ನೋಡಿದಳು. ಆಮೇಲೆ ಬೀದಿಯಲ್ಲಿ ಮುಂದೆ ಹೋಗುತ್ತಿದ್ದ ಮಗಳ ಬೆನ್ನು ನೋಡಿದಳು.

"ಊಟ ಮಾಡಿದ್ದಾಳಂತೆ."