ಇಪ್ಪತ್ತೊಂದಕ್ಕೆ ಹತ್ತದ ಬಾಯ್ಲರ್

“ಹಲೋ... ಯಾರ್ರಿ ಮಾತಾಡೋದು? ... ಹಾಂ, ಅಲ್ತಾಫ ಸರ್ರಾ? ... ನಾನ್ರಿ. ಕಸಾ ಹೊಡಿಯಾಕಿ.”

ಮಂಗಲಾ ಅಡುಗೆಮನೆಯ ಬಾಗಿಲ ಹಿಂದೆ ಸರಿದಳು. ಇಂಗ್ಲೆಂಡಿಗೆ ಮನೆಗೆಲಸಕ್ಕೆ ಹೋಗುವ ಹೆಂಗಸರಿಗೆ ಅಲ್ತಾಫ ಸರ್ ಗೋವಾದ ಕಲಂಗುಟ್‌ನ ಈ ಬಂಗಲೆಯಲ್ಲಿ ತರಬೇತಿ ಕೊಡುತ್ತಿದ್ದರು. ಅಲ್ಲಿನ ಮನೆಗಳನ್ನು ಬೆಚ್ಚಗಿಡುವಂಥದೇ ಬಾಯ್ಲರ್ ತರಿಸಿ, ಗೋಡೆಗುಂಟ ಬಿಸಿನೀರಿನ ಕೊಳವೆ ಎಳೆಸಿದ್ದರು. ಇಂದು ಪರೀಕ್ಷೆ; ಅದನ್ನು ನಡೆಸಲು ಹೊರಗಿನಿಂದ ಒಬ್ಬ ಮೇಡಂ ಬರುವವರಿದ್ದರು. ಸರ್ ಮಾತ್ರ ಮುರ್ಮುಗಾಂವ್ ಬಂದರಿನ ಲಾರಿಗಳ ಹಿಂದೆ ಸಿಕ್ಕಿಬಿದ್ದಿದ್ದರು.

“ಬಂದಾರ್ರಿ ಮೇಡಂ... ಹೂಂ, ಇದ ಇಂಗ್ಲೆಂಡ್ ಅಂತ ತಿಳದು ಸ್ವೆಟರ್ ಹಾಕ್ಕೊಂಡ ಕುಂತಾರ. ಎಲ್ಲಾರಿಗೂ ಹಾಕಿಸ್ಯಾರ. ಬೆವರು ತಟತಟ ಬೀಳಾಕತ್ತೈತ್ರಿ, ನಾ ಒರಸಾಕತ್ತೇನಿ.”

...

“ಕೆಟ್ಟಿಲ್ರಿ. ಮೊದಲನೇ ಪರೀಕ್ಷಾ ಸಾವಂತ್ರೆವ್ವಕ್ಕಂದು, ಬರೋಬ್ಬರಿ ಇಪ್ಪತ್ತೊಂದು ಡಿಗ್ರಿಗೆ ಇಟ್ಟಾಳ. ಬಾಯ್ಲರ್ ಹತ್ತವಲ್ದು... ಹೆಂಗ ಹತ್ತತೈತ್ರಿ ಸರ್? ಪಡಸಾಲ್ಯಾಗ ಮೂವತ್ನಾಕ ಐತಿ. ಮನಿ ಬೆಚ್ಚಗೈತೆಲ್ಲಾ ಅಂತ ಅದು ಸುಮ್ನ ಕುಂತೈತಿ.”

...

“ನಲವತ್ತಕ್ಕ ಇಡೂದಾ? ... ಬ್ಯಾಡ್ರಿ. ಇಪ್ಪತ್ತೊಂದು ದಾಟಿದ್ರ ನಾಪಾಸು ಅಂತಾರ ಮೇಡಂ. ಇಪ್ಪತ್ತೊಂದಕ್ಕ ಇಟ್ಟ ಹತ್ತಿಸಿ ತೋರಸ್ಬೇಕಂತ... ಕೇಳಿದ್ಲ್ರಿ ಸಾವಂತ್ರೆವ್ವಕ್ಕ. ಗೋವಾದ ಬಿಸಲು ಪಾಠದಾಗ ಇಲ್ಲ ಅಂದ್ರು ಮೇಡಂ.”

ಈ ತಂಡದವರೆಲ್ಲ ಪಾಸಾದರೆ ಮುಂದಿನ ತಂಡದಲ್ಲಿ ನಿನ್ನನ್ನೂ ಕೂಡಿಸುತ್ತೇನೆ ಎಂದು ಸರ್ ಹೇಳಿದ್ದರು. ಏಳನೇ ಇಯತ್ತೆಗೆ ಶಾಲೆ ಬಿಟ್ಟಿದ್ದ ಮಂಗಲಾ ಅಂದಿನಿಂದ ನೆಲ ಒರೆಸುತ್ತಲೇ ಎಲ್ಲ ಪಾಠ ಕೇಳಿದ್ದಳು. ಈಗ ಅತ್ತ ಕಡೆಯಿಂದ ಸರ್, ದೋಣಿಗಳು ಮೀನು ಇಳಿಸುವ ಧಕ್ಕೆಗೆ ಹೋಗು, ಟೆಂಪೋ ತುಂಬ ಮಂಜುಗಡ್ಡೆ ತಂದು ಮನೆಯನ್ನೇ ತಣ್ಣಗೆ ಮಾಡು ಎಂದು ಕೂಗುತ್ತಿದ್ದರು.

“ಇಡೀ ಮನಿ ಯಾಕ್ರಿ? ... ಅಲ್ರಿ, ನಂಬರ್ ಇಡೂ ಡಬ್ಬಿ ಗ್ವಾಡಿ ಮ್ಯಾಲೈತೆಲ್ಲಾ, ಅದೊಂದ ತಂಪಾದ್ರ ಸಾಕು. ಮೊನ್ನಿ ನಿಮ್ಮ ಐಸ್ ಬಾಟ್ಲಿ ಅದಕ್ಕ ತಾಗಿತ್ತು, ಟಕ್ ಅಂತ ಬಾಯ್ಲರ್ ಹತ್ತೇ ಬಿಟ್ಟಿತ್ರಿ... ಬಾಟ್ಲಿ ಇಲ್ರಿ, ಮೇಡಂ ಕುಡದ್ರು. ಫ್ರಿಜ್ಜಿನಾಗ ನಿಮ್ಮ ಬಾಂಗಡೆ ಮೀನ ಅದಾವು. ಕಲ್ಲಾಗ್ಯಾವು... ಸಾರಿಗೆ ಉಳಸ್ತೇನ್ರಿ, ಒಂದ ಪಾಕೀಟ ಸಾಕು.”

ಅವರು ಹೂಂ ಅನ್ನುವುದನ್ನು ಅವಳು ಕಾಯಲಿಲ್ಲ. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಗೋಡೆ ಒರೆಸುವ ನೆಪದಲ್ಲಿ ಪಡಸಾಲೆಯ ಬಾಗಿಲ ಪಕ್ಕದ ಡಬ್ಬಿಗೆ ಮೀನಿನ ಪಾಕೀಟು ಕಟ್ಟಿ, ಮೇಲೆ ನೆಲ ಒರೆಸುವ ಬಟ್ಟೆ ಇಳಿಬಿಟ್ಟಳು. ಟಕ್.

“ಹತ್ತಿತ್ರಿ... ಖರೇನ ಹತ್ತಿತು! ಮೇಡಂ ಚಪ್ಪಾಳಿ ಹೊಡ್ಯಾಕತ್ತಾರ.”

...

“ಹಾಂ? ... ಇಲ್ರಿ, ನಿಂದ್ರವಲ್ದು. ಡಬ್ಬಿಗಿನ್ನೂ ಥಂಡಿ ಐತೆಲ್ರಿ... ಪಡಸಾಲ್ಯಾಗ ಮೂವತ್ತೇಳು... ಈಗ ಮೂವತ್ತೊಂಬತ್ತು. ಮೀನ ತಗದ್ರ ಆರಿ ಹೋಗತೈತಿ, ಇನ್ನೂ ಇಬ್ಬರ ಪರೀಕ್ಷಾ ಬಾಕಿ ಐತಿ... ವಾಸನಿ ಬಂತ್ರಿ, ಬರದ ಏನ? ಮೇಡಂ ಕೇಳಿದ್ರು. ಹೊಸಾ ಬಾಯ್ಲರ್ ಕಾದ್ರ ಹಿಂಗ ನಾರತೈತಿ ಅಂದ್ಲು ಸಾವಂತ್ರೆವ್ವಕ್ಕ. ಹೌದ್ಹೌದು, ಇಂಗ್ಲೆಂಡಿನಾಗೂ ಹಿಂಗ ಅಂದ್ರು ಮೇಡಂ... ಒಂದ ಬೆಕ್ಕ ಬಂದು ಡಬ್ಬಿ ನೋಡ್ಕೋತ ಕುಂತೈತ್ರಿ. ಅದನ್ನ ಕಾಲಿಲೆ ಸರಸಾಕತ್ತೇನಿ.”

...

“ಸರ್... ಆತ್ರಿ. ಸಹಿ ಆತು. ಎಲ್ಲಾರೂ ಪಾಸು. ಮೇಡಂ ಸ್ವೆಟರ್ ತಗದು ಹೊರಗ ಓಡಿದ್ರು.”

ಆಚೆ ಸರ್ ನಕ್ಕರು. ಮುಂದಿನ ತಂಡದಲ್ಲಿ ನಿನ್ನದೇ ಮೊದಲ ಹೆಸರು ಎಂದರು. ಆಮೇಲೆ ಹೆಸರು ಕೇಳಿದರು. ಇಷ್ಟು ದಿನ ಅವಳು ಅವರಿಗೆ ಬರೀ ‘ಏ ಹುಡುಗಿ’ ಆಗಿದ್ದಳು.

“ನಂದಾ? ... ಮಂಗಲಾ ರೀ... ಕೇಳಸವಲ್ದಾ? ಇಲ್ರಿ, ಇಲ್ರಿ, ಕಸಾ ಹೊಡಿಯಾಕಿ ಅಂತ ಬರಕೋಬ್ಯಾಡ್ರಿ. ನನ್ನ ಹೆಸರು ಮಂ... ಹಲೋ? ... ಸರ್? ಹಲೋ?”

ಲೈನು ಕಡಿದಿತ್ತು. ಯಾವ ಮಾತಿನವರೆಗೆ ಅತ್ತ ಮುಟ್ಟಿತೋ ತಿಳಿಯಲಿಲ್ಲ. ಮಂಗಲಾ ಬಾಗಿಲ ಹಿಂದಿನಿಂದ ಈಚೆ ಬಂದು, ಸುಮ್ಮನಾಗಿದ್ದ ಫೋನಿಗೇ ಇನ್ನೊಮ್ಮೆ ತನ್ನ ಹೆಸರು ಹೇಳಿದಳು. ಈ ಸಲ ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ.