ಅಪ್ಪನ ಕೆನ್ನೆಗೆ ಯಾವ ನೂಲು

ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಅಕ್ಕತಂಗಿಯರಿಬ್ಬರು ಕುಳಿತಿದ್ದರು. ಅವರ ತಾಯಿ ಒಳಗೆ ಡಾಕ್ಟರ ಹತ್ತಿರ ಇದ್ದರು. ಅಕ್ಕ ಮಗ್ಗದಲ್ಲಿ ಚಿತ್ರ ನೇಯುವವಳು. ತೀರಿಹೋದ ಅಪ್ಪನ ಮುಖವನ್ನು ಗೋಡೆಗೆ ತೂಗುಹಾಕುವಷ್ಟು ದೊಡ್ಡದಾಗಿ ನೇಯಬೇಕಂತೆ. ಚೀಲದಿಂದ ನೂಲಿನ ಲಡಿಗಳನ್ನು ತೆಗೆದು ತೆಗೆದು ತಂಗಿಯ ಮಡಿಲಿಗೆ ಹಾಕುತ್ತಿದ್ದಳು.

"ಕೆನ್ನೆಗೆ ಈ ಹೊಳೆಯೋ ಹತ್ತಿ ನೂಲು ಹಾಕಕ್ಕ. ಚೆನ್ನಾಗಿ ಕಾಣುತ್ತೆ."

"ಯಾರಿಗೆ ಕಾಣುತ್ತೆ? ಅಮ್ಮನಿಗೆ ಇನ್ನು ದೃಷ್ಟಿ ಬರಲ್ಲ ಅಂತ ಡಾಕ್ಟರು ಹೇಳಿಯಾಯ್ತು. ಅವಳು ಕೈಯಲ್ಲಿ ಮುಟ್ಟಿ ನೋಡೋದು ಕಣೇ."

"ಹಾಗಾದ್ರೆ ಈ ಕುರಿ ಉಣ್ಣೆ. ಎಷ್ಟು ಮೆತ್ತಗಿದೆ ನೋಡು."

"ಅಪ್ಪ ಯಾವತ್ತೇ ಮೆತ್ತಗಿದ್ರು? ವಾರಕ್ಕೊಂದೇ ಸಲ ಗಡ್ಡ ಬೋಳಿಸ್ತಿದ್ದ ಮನುಷ್ಯ. ಮುದ್ದು ಮಾಡೋಕೆ ಬಂದ್ರೆ ನಾವು ಮಂಚದ ಕೆಳಗೆ ಓಡ್ತಿದ್ವಿ. ಇಗೋ, ಇದು ಮೇಕೆ ಕೂದಲು, ಮುಟ್ಟು."

"ಅಯ್ಯಪ್ಪಾ! ಅವರೇ ಎದ್ದು ಬಂದು ಉಜ್ಜಿದ ಹಾಗಾಯ್ತು."

"ಅದೇ ಬೇಕು. ಅಮ್ಮ ಮುಟ್ಟಿ 'ಇದ್ಯಾರೇ' ಅಂತ ಕೇಳಿಬಿಟ್ರೆ, ನನ್ನ ಮಗ್ಗ ಒಲೆಗೆ."

"ಬೋಳುತಲೆಗೆ?"

"ನಿನ್ನ ಹೊಳೆಯೋ ಹತ್ತಿ ಅಲ್ಲಿಗೆ ಸರಿ."

"ತುಟಿಗೆ?"

ಅಕ್ಕ ಲಡಿಗಳನ್ನು ತಿರುವಿಹಾಕಿದಳು.

"ಅದು ನನಗೇನು ಗೊತ್ತು? ಅಮ್ಮನ್ನ ಕೇಳು."

"ನೀನೇ ಕೇಳಕ್ಕ. ಒದೆ ತಿನ್ನೋ ವಯಸ್ಸಾ ನನಗೆ?"

ನರ್ಸಿನ ಕೈ ಹಿಡಿದ ತಾಯಿ ಆಗಲೇ ಬಾಗಿಲಿಗೆ ಬಂದು ನಿಂತಿದ್ದರು.

"ತುಟಿಗೆ ರೇಷ್ಮೆ ಹಾಕ್ರೇ," ಎಂದರು. "ಅದರಿಂದ ಬರ್ತಿದ್ದ ಮಾತು ಒರಟು ಬಿಡಿ, ಅದನ್ನ ನೇಯೋಕೆ ಹೋಗಬೇಡಿ."

ತಂಗಿ ಲಡಿಗಳನ್ನು ಬಾಚಿ ಚೀಲಕ್ಕೆ ತುಂಬಿದಳು. ಮೂವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ನಗುತ್ತ, ಮೆಟ್ಟಿಲಿಳಿದು ಹೋದರು.